ಮೊದಲು ನೋಟ, ಆಮೇಲೆ ಕಿರಣ

ಮಕ್ಕಳೇ, ಓದುವುದಕ್ಕೆ ಮುಂಚೆ ಒಂದು ಚಿಕ್ಕ ಕೆಲಸ ಮಾಡಿ. ನೆಟ್ಟಗೆ ಕುಳಿತು, ಪಕ್ಕೆಲುಬು ಮುಗಿದು ಹೊಟ್ಟೆ ಶುರುವಾಗುವ ಜಾಗದಲ್ಲಿ ಅಂಗೈ ಇಡಿ. ನಿಧಾನವಾಗಿ ಉಸಿರು ಎಳೆದುಕೊಳ್ಳಿ, ಬಿಡಿ. ಕೈ ಮೇಲೇಳುತ್ತದೆ, ಇಳಿಯುತ್ತದೆ, ಅಲ್ಲವೇ? ಆ ಜಾಗದ ಒಳಗೆ ವಪೆ ಎಂಬ ಅಗಲವಾದ ಸ್ನಾಯು ಇದೆ. ಅದು ಕೆಳಗಿಳಿದಾಗ ಶ್ವಾಸಕೋಶ ಹಿಗ್ಗುತ್ತದೆ, ಯಕೃತ್ತು ಮತ್ತು ಮೂತ್ರಪಿಂಡಗಳು ಅದರ ಜೊತೆಗೇ ಜರುಗುತ್ತವೆ. ಮೇಲೆ ಬಂದಾಗ ಎಲ್ಲವೂ ಮತ್ತೆ ಮೇಲೆ ಬರುತ್ತವೆ. ನಾವು ನಿದ್ದೆ ಮಾಡುತ್ತಿದ್ದರೂ ಈ ಓಡಾಟ ನಿಲ್ಲುವುದಿಲ್ಲ.

ಈಗ ಒಬ್ಬ ಅಜ್ಜನನ್ನು ಊಹಿಸಿಕೊಳ್ಳಿ. ಅವರ ಶ್ವಾಸಕೋಶದ ಕೆಳಭಾಗದಲ್ಲಿ ಎರಡು ಸೆಂಟಿಮೀಟರ್ ಅಗಲದ ಕ್ಯಾನ್ಸರ್ ಗಡ್ಡೆ ಇದೆ. ಹೃದಯ ಬಲಹೀನವಾಗಿರುವುದರಿಂದ ದೊಡ್ಡ ಆಪರೇಷನ್ ಅವರಿಗೆ ತಾಳುವುದಿಲ್ಲ. ಗಡ್ಡೆ ಒಳಗಿದೆ, ಹೊರಗಿನಿಂದ ಕಾಣುವುದಿಲ್ಲ. ಜೊತೆಗೆ, ಅಜ್ಜ ಉಸಿರಾಡಿದಾಗಲೆಲ್ಲ ಅದು ಒಂದು ಸೆಂಟಿಮೀಟರ್, ಒಮ್ಮೊಮ್ಮೆ ಅದಕ್ಕೂ ಹೆಚ್ಚು, ಮೇಲಕ್ಕೂ ಕೆಳಕ್ಕೂ ಓಡಾಡುತ್ತದೆ. ಕಣ್ಣಿಗೆ ಕಾಣದ, ಒಂದೆಡೆ ನಿಲ್ಲದ ಈ ಗಡ್ಡೆಯನ್ನು ಚರ್ಮಕ್ಕೆ ಒಂದು ಗೀರೂ ಬೀಳದಂತೆ ನಾಶ ಮಾಡಬೇಕು. ಸುತ್ತಲಿನ ಒಳ್ಳೆಯ ಭಾಗಕ್ಕೆ ಆದಷ್ಟು ಕಡಿಮೆ ಪೆಟ್ಟಾಗಬೇಕು. ಇದು ಸಾಧ್ಯವೇ?

ಸಾಧ್ಯ. ಇಂಥ ಚಿಕಿತ್ಸೆ ಇಂದು ಅನೇಕ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ಕ್ಷ-ಕಿರಣಗಳಿಂದ ಗಡ್ಡೆಯನ್ನು ನೋಡುತ್ತಾ ನೋಡುತ್ತಾ, ಅದರ ಮೇಲಷ್ಟೇ ಬಲವಾದ ಕಿರಣ ಹಾಯಿಸುವ ವಿಧಾನ ಇದು. ಇದರ ಹಿಂದೆ ವೈದ್ಯರು, ಭೌತವಿಜ್ಞಾನಿಗಳು, ಎಂಜಿನಿಯರುಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಪಟ್ಟ ಶ್ರಮವಿದೆ. ಒಂದೊಂದೇ ಹೆಜ್ಜೆ ಇಟ್ಟು ಅದನ್ನು ತಿಳಿಯೋಣ.

ನಿಲ್ಲಲು ಮರೆತ ಕೋಶಗಳು

ನಮ್ಮ ಮೈ ಕೋಟಿಕೋಟಿ ಜೀವಕೋಶಗಳಿಂದ ಆಗಿದೆ. ಬೇಕಾದಾಗ ಒಂದು ಕೋಶ ಎರಡಾಗುತ್ತದೆ. ಗಾಯ ಮಾಯುವುದು, ಕೂದಲು ಬೆಳೆಯುವುದು, ನೀವು ವರ್ಷವರ್ಷ ಎತ್ತರವಾಗುವುದು ಎಲ್ಲವೂ ಇದರಿಂದಲೇ. ಯಾವಾಗ ಎರಡಾಗಬೇಕು, ಯಾವಾಗ ಸುಮ್ಮನಿರಬೇಕು ಎಂಬ ಸೂಚನೆಗಳು ಕೋಶದೊಳಗಿನ ಡಿಎನ್‌ಎಯಲ್ಲಿ ಇರುತ್ತವೆ. ಒಂದೇ ಒಂದು ಕೋಶದ ಡಿಎನ್‌ಎಯನ್ನು ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಸುಮಾರು ಎರಡು ಮೀಟರ್ ಆಗುತ್ತದೆ. ಅಷ್ಟುದ್ದದ್ದು ಕಣ್ಣಿಗೆ ಕಾಣದ ಕೋಶದೊಳಗೆ ಸುತ್ತಿಕೊಂಡಿದೆ!

ಈ ಸೂಚನೆಗಳಲ್ಲಿ ಕೆಲವು ಕೆಟ್ಟುಹೋದರೆ ಕೋಶ ನಿಲ್ಲುವುದನ್ನು ಮರೆಯುತ್ತದೆ. ಎರಡು ನಾಲ್ಕಾಗಿ, ನಾಲ್ಕು ಎಂಟಾಗಿ ಗಡ್ಡೆ ಕಟ್ಟುತ್ತದೆ. ಅದೇ ಕ್ಯಾನ್ಸರ್. ಕೆಲವು ಸಲ ಗಡ್ಡೆಯಿಂದ ಬಿಡಿಸಿಕೊಂಡ ಕೋಶಗಳು ರಕ್ತದ ಜೊತೆ ಹರಿದು ಯಕೃತ್ತಿಗೋ, ಮೂಳೆಗೋ, ಮೆದುಳಿಗೋ ಹೋಗಿ ಅಲ್ಲೂ ಬೆಳೆಯತೊಡಗುತ್ತವೆ. ಆಗ ವೈದ್ಯರು ‘ಕ್ಯಾನ್ಸರ್ ಹರಡಿದೆ’ ಎನ್ನುತ್ತಾರೆ.

ಗಡ್ಡೆಯನ್ನು ಕೊಯ್ದು ತೆಗೆಯುವುದು ಹಳೆಯ, ಒಳ್ಳೆಯ ಚಿಕಿತ್ಸೆ. ಆದರೆ ಎಲ್ಲ ಗಡ್ಡೆಗಳನ್ನೂ ಕೊಯ್ಯಲಾಗದು. ಒಂದು ಗಡ್ಡೆ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಿರಬಹುದು. ಇನ್ನೊಂದು ಬೆನ್ನುಹುರಿಯ ಪಕ್ಕದಲ್ಲೇ ಇರಬಹುದು. ರೋಗಿಗೆ ವಯಸ್ಸಾಗಿರಬಹುದು, ಉಸಿರಿನ ತೊಂದರೆ ಇರಬಹುದು. ಗಡ್ಡೆಗಳು ಎರಡು ಮೂರು ಕಡೆ ಇದ್ದರೆ ಎಲ್ಲೆಲ್ಲೂ ಕೊಯ್ಯುವುದು ಕಷ್ಟ. ಇಂಥ ಕಡೆ ಕಿರಣ ನೆರವಿಗೆ ಬರುತ್ತದೆ.

ಕಿರಣ ಏನು ಮಾಡುತ್ತದೆ?

1895ರ ನವೆಂಬರ್ ತಿಂಗಳಲ್ಲಿ ಜರ್ಮನಿಯ ವುರ್ಟ್ಸ್‌ಬರ್ಗ್ ಊರಿನಲ್ಲಿ ವಿಲ್ಹೆಲ್ಮ್ ರಾಂಟ್‌ಜನ್ ಎಂಬ ವಿಜ್ಞಾನಿ ಕ್ಷ-ಕಿರಣವನ್ನು ಕಂಡುಹಿಡಿದರು. ಕೈ ಮುರಿದಾಗ ನಾವು ತೆಗೆಸುವ ಎಕ್ಸ್‌ರೇ ಅದೇ. ಅದು ಮಾಂಸವನ್ನು ಹಾದುಹೋಗಿ ಮೂಳೆಯ ಚಿತ್ರ ತೋರಿಸಿತು. ಜಗತ್ತೇ ಬೆರಗಾಯಿತು. ಕ್ಯಾನ್ಸರ್ ಗಡ್ಡೆಗಳ ಮೇಲೆ ಈ ಕಿರಣ ಬಿಟ್ಟು ನೋಡುವ ಪ್ರಯತ್ನಗಳು ಮುಂದಿನ ವರ್ಷವೇ ಶುರುವಾದವು.

ಆದರೆ ಕಿರಣಕ್ಕೆ ಒಳ್ಳೆಯ ಕೋಶ, ಕೆಟ್ಟ ಕೋಶ ಎಂಬ ಭೇದ ಗೊತ್ತಿಲ್ಲ. ಅಮೆರಿಕದಲ್ಲಿ ಥಾಮಸ್ ಎಡಿಸನ್ನರ ಸಹಾಯಕರಾಗಿದ್ದ ಕ್ಲಾರೆನ್ಸ್ ಡ್ಯಾಲಿ ಕ್ಷ-ಕಿರಣದ ಪ್ರಯೋಗಗಳಲ್ಲಿ ಬರಿಗೈ ಒಡ್ಡುತ್ತಿದ್ದರು. ಅದರ ಹಾನಿಯಿಂದಲೇ 1904ರಲ್ಲಿ ತೀರಿಕೊಂಡರು. ಕಿರಣ ಗುಣವನ್ನೂ ಮಾಡಬಲ್ಲದು, ಹಾನಿಯನ್ನೂ ಮಾಡಬಲ್ಲದು ಎಂಬುದು ಹೀಗೆ ನೋವಿನಿಂದ ತಿಳಿಯಿತು.

ಒಳಗೆ ನಡೆಯುವುದೇನು? ಬಲವಾದ ಕಿರಣ ಕೋಶವನ್ನು ಹಾಯುವಾಗ ಡಿಎನ್‌ಎಗೆ ನೇರವಾಗಿ ಪೆಟ್ಟು ಕೊಡುತ್ತದೆ. ಕೋಶದೊಳಗಿನ ನೀರಿನ ಅಣುಗಳನ್ನು ಒಡೆದು, ಆ ಚೂರುಗಳ ಮೂಲಕವೂ ಪೆಟ್ಟು ಕೊಡುತ್ತದೆ. ಡಿಎನ್‌ಎಯಲ್ಲಿ ಎರಡು ಎಳೆಗಳಿವೆ. ಒಂದು ಎಳೆ ತುಂಡಾದರೆ ಕೋಶ ಸರಿಮಾಡಿಕೊಳ್ಳುತ್ತದೆ. ಎರಡೂ ಎಳೆ ಒಂದೇ ಕಡೆ ತುಂಡಾದರೆ ಸರಿಮಾಡುವುದು ತುಂಬ ಕಷ್ಟ. ಅಂಥ ಪೆಟ್ಟು ತಿಂದ ಕ್ಯಾನ್ಸರ್ ಕೋಶ ಸಾಮಾನ್ಯವಾಗಿ ಆ ಕ್ಷಣವೇ ಸಾಯುವುದಿಲ್ಲ. ಎರಡಾಗಲು ಹೊರಟಾಗ ಆಗದೆ ಸಾಯುತ್ತದೆ. ಆದ್ದರಿಂದ ಚಿಕಿತ್ಸೆ ಮುಗಿದು ವಾರಗಳು, ತಿಂಗಳುಗಳು ಕಳೆದ ಮೇಲೂ ಗಡ್ಡೆ ಕುಗ್ಗುತ್ತಾ ಇರಬಹುದು.

ನಮ್ಮ ಕಡೆ ಎಷ್ಟೋ ಜನ ಈ ಚಿಕಿತ್ಸೆಯನ್ನು ‘ಕರೆಂಟ್ ಕೊಡೋದು’ ಎನ್ನುತ್ತಾರೆ. ಹೆದರಬೇಡಿ, ಮೈಗೆ ವಿದ್ಯುತ್ ಹರಿಸುವುದಿಲ್ಲ. ವಿದ್ಯುತ್ ಬೇಕಾಗುವುದು ಯಂತ್ರಕ್ಕೆ. ಆ ಯಂತ್ರದ ಹೆಸರು ಲೀನಿಯರ್ ಆಕ್ಸಿಲರೇಟರ್, ಆಸ್ಪತ್ರೆಯವರ ಬಾಯಲ್ಲಿ ಲಿನಾಕ್. ಅದರೊಳಗೆ ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಶೇಕಡ 99ಕ್ಕೂ ಹೆಚ್ಚು ವೇಗಕ್ಕೆ ಓಡಿಸಿ, ಟಂಗ್‌ಸ್ಟನ್ ಲೋಹಕ್ಕೆ ಬಡಿಸುತ್ತಾರೆ. ಆಗ ಹೊಮ್ಮುವ ಕ್ಷ-ಕಿರಣ, ಮೂಳೆಯ ಚಿತ್ರ ತೆಗೆಯುವ ಕಿರಣಕ್ಕಿಂತ ಹತ್ತಾರು ಪಟ್ಟು ಬಲವಾದದ್ದು.

ಲಿನಾಕ್‌ನಿಂದ ರೋಗಿಗೆ ಮೊದಲ ಬಾರಿ ಚಿಕಿತ್ಸೆ ಕೊಟ್ಟದ್ದು 1953ರಲ್ಲಿ, ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ. ಕೆಲವೇ ವರ್ಷಗಳಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯ ಹೆನ್ರಿ ಕಪ್ಲಾನ್, ಭೌತವಿಜ್ಞಾನಿ ಎಡ್ವರ್ಡ್ ಗಿಂಜ್‌ಟನ್ ಜೊತೆ ಸೇರಿ ಇಂಥದೇ ಯಂತ್ರ ಕಟ್ಟಿಸಿದರು. ಅವರ ಬಳಿ ಬಂದ ಮೊದಲ ರೋಗಿಗಳಲ್ಲಿ ಒಬ್ಬ ಎರಡು ವರ್ಷದ ಪುಟ್ಟ ಹುಡುಗ. ಕ್ಯಾನ್ಸರಿನಿಂದಾಗಿ ಅವನ ಒಂದು ಕಣ್ಣನ್ನು ಆಗಲೇ ತೆಗೆದಿದ್ದರು. ಇನ್ನೊಂದು ಕಣ್ಣಿನಲ್ಲೂ ಗಡ್ಡೆ ಇತ್ತು. ತೆಳುವಾದ ಕಿರಣವನ್ನು ಜಾಗ್ರತೆಯಿಂದ ಆ ಗಡ್ಡೆಗೆ ಗುರಿಯಿಟ್ಟು ಚಿಕಿತ್ಸೆ ಮಾಡಿದರು. ಅವನ ದೃಷ್ಟಿ ಉಳಿಯಿತು. ಗುರಿ ಎಷ್ಟು ನಿಖರವೋ ಅಷ್ಟು ಮೈ ಉಳಿಯುತ್ತದೆ ಎಂಬುದಕ್ಕೆ ಆ ಮಗುವಿನ ಕಣ್ಣೇ ಸಾಕ್ಷಿ.

ನಾಲ್ಕು ಟಾರ್ಚುಗಳ ಪ್ರಯೋಗ

ಗಡ್ಡೆ ಒಳಗಿದೆ. ಅದನ್ನು ಮುಟ್ಟಬೇಕಾದರೆ ಕಿರಣ ಚರ್ಮವನ್ನು, ಒಳ್ಳೆಯ ಮಾಂಸವನ್ನು ದಾಟಿಯೇ ಹೋಗಬೇಕು. ಹಾಗಿದ್ದರೆ ದಾರಿಯಲ್ಲಿ ಸಿಗುವ ಒಳ್ಳೆಯ ಕೋಶಗಳ ಗತಿ ಏನು? ಉತ್ತರವನ್ನು ನೀವೇ ಮನೆಯಲ್ಲಿ ಕಂಡುಕೊಳ್ಳಬಹುದು.

ರಾತ್ರಿ ಕೋಣೆಯ ದೀಪ ಆರಿಸಿ. ನಾಲ್ಕು ಜನ ಸ್ನೇಹಿತರು ನಾಲ್ಕು ಕಡೆ ನಿಂತು, ಗೋಡೆಯ ಮೇಲಿನ ಒಂದೇ ಚುಕ್ಕೆಗೆ ಟಾರ್ಚ್ ಹಿಡಿಯಿರಿ. ಯಾರ ಕಣ್ಣಿಗೂ ಬೆಳಕು ಬಿಡಬೇಡಿ. ಆ ಚುಕ್ಕೆಯ ಮೇಲೆ ನಾಲ್ಕೂ ಬೆಳಕು ಕೂಡಿ ಜಗ್ಗನೆ ಹೊಳೆಯುತ್ತದೆ. ಆದರೆ ಒಬ್ಬೊಬ್ಬರ ಟಾರ್ಚಿನಿಂದ ಗೋಡೆಯವರೆಗಿನ ದಾರಿಯಲ್ಲಿ ಇರುವುದು ಒಂದೇ ಟಾರ್ಚಿನ ಬೆಳಕು.

ವೈದ್ಯರು ಮಾಡುವುದೂ ಇದನ್ನೇ. ಒಂದೇ ಕಡೆಯಿಂದ ಬಲವಾಗಿ ಹಾಯಿಸದೆ, ನೂರು ಕಡೆಯಿಂದ ತೆಳುವಾಗಿ ಹಾಯಿಸುತ್ತಾರೆ. ಒಂದೊಂದು ದಾರಿಯಲ್ಲಿ ಬೀಳುವುದು ಹೆಚ್ಚುಕಮ್ಮಿ ನೂರರಲ್ಲಿ ಒಂದು ಪಾಲು. ಎಲ್ಲ ದಾರಿಗಳು ಕೂಡುವ ಗಡ್ಡೆಯಲ್ಲಿ ನೂರಕ್ಕೆ ನೂರು ಪಾಲು.

ಇದನ್ನು ಮೆದುಳಿಗೆ ಬಳಸಿ ತೋರಿಸಿದವರು ಸ್ವೀಡನ್ನಿನ ನರಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್. ತಲೆಬುರುಡೆ ತೆರೆಯದೆ ಕಿರಣದಿಂದಲೇ ಶಸ್ತ್ರಚಿಕಿತ್ಸೆ ಮಾಡಬಹುದು ಎಂದು ಅವರು 1951ರಲ್ಲಿ ಬರೆದರು. 1960ರ ದಶಕದ ಕೊನೆಯಲ್ಲಿ ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಜೊತೆಗೂಡಿ ‘ಗಾಮಾ ನೈಫ್’ ಎಂಬ ಯಂತ್ರವನ್ನು ಬಳಕೆಗೆ ತಂದರು. ಅದರಲ್ಲಿ ಸುಮಾರು ಇನ್ನೂರು ಕಡೆಯಿಂದ ಕೋಬಾಲ್ಟ್-60 ಎಂಬ ವಿಕಿರಣ ಪದಾರ್ಥದ ಗಾಮಾ ಕಿರಣಗಳು ಬಂದು ಒಂದೇ ಬಿಂದುವಿನಲ್ಲಿ ಕೂಡುತ್ತವೆ. ರೋಗಿಯ ತಲೆಗೆ ಲೋಹದ ಚೌಕಟ್ಟು ಬಿಗಿದಿರುತ್ತಾರೆ. ತಲೆಬುರುಡೆಯೊಳಗೆ ಮೆದುಳು ಹೆಚ್ಚು ಜರುಗುವುದಿಲ್ಲ, ಆದ್ದರಿಂದ ಚೌಕಟ್ಟು ಅಲುಗದಿದ್ದರೆ ಗುರಿಯೂ ತಪ್ಪುವುದಿಲ್ಲ.

ಆದರೆ ಉಸಿರಾಡುವ ಎದೆಗೆ, ತಿಂದದ್ದನ್ನು ಅರಗಿಸುವ ಹೊಟ್ಟೆಗೆ ಯಾವ ಚೌಕಟ್ಟು ಬಿಗಿಯುತ್ತೀರಿ?

ಅಂಚಿನ ಲೆಕ್ಕ

ಗಡ್ಡೆ ಎಲ್ಲಿದೆ ಎಂದು ಸರಿಯಾಗಿ ಗೊತ್ತಿಲ್ಲದಿದ್ದರೆ ವೈದ್ಯರು ಏನು ಮಾಡಬೇಕು? ತಪ್ಪಿಹೋಗದಿರಲಿ ಎಂದು ಸುತ್ತಲೂ ಒಂದಷ್ಟು ಅಂಚು ಬಿಟ್ಟು, ದೊಡ್ಡ ಜಾಗಕ್ಕೇ ಕಿರಣ ಕೊಡಬೇಕು. ಹಿಂದೆ ಬಹುಕಾಲ ನಡೆದದ್ದು ಹಾಗೆಯೇ. ಆ ಅಂಚಿನ ಬೆಲೆ ಎಷ್ಟು ಎಂದು ಈಗ ಲೆಕ್ಕ ಹಾಕೋಣ, ಪೆನ್ಸಿಲ್ ತಗೊಳ್ಳಿ.

ಗಡ್ಡೆ ಗುಂಡಗಿದೆ, ಅದರ ಅಗಲ 2 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸುತ್ತಲೂ 1 ಸೆಂಟಿಮೀಟರ್ ಅಂಚು ಬಿಟ್ಟರೆ ಒಟ್ಟು ಅಗಲ 4 ಸೆಂಟಿಮೀಟರ್ ಆಯಿತು. ಅಗಲ ಎರಡು ಪಟ್ಟಾದರೆ ಗೋಳದ ಘನಫಲ 2 × 2 × 2, ಅಂದರೆ 8 ಪಟ್ಟು. ಗಡ್ಡೆಯದು ಒಂದು ಪಾಲು, ಸುಮ್ಮನೆ ಪೆಟ್ಟು ತಿನ್ನುವ ಒಳ್ಳೆಯ ಭಾಗ ಏಳು ಪಾಲು! ಅಂಚನ್ನು ಅರ್ಧ ಸೆಂಟಿಮೀಟರಿಗೆ ಇಳಿಸಿದರೆ ಒಟ್ಟು ಘನಫಲ ಗಡ್ಡೆಯ ಸುಮಾರು 3.4 ಪಟ್ಟು. ಎರಡೇ ಮಿಲಿಮೀಟರ್ ಸಾಕೆಂದರೆ 1.7 ಪಟ್ಟು. ಕೆಲವು ಮಿಲಿಮೀಟರ್ ಅಂಚು ಕಡಿಮೆಯಾದರೆ ಎಷ್ಟು ಒಳ್ಳೆಯ ಕೋಶಗಳು ಉಳಿಯುತ್ತವೆ ನೋಡಿ. ಆ ಮಿಲಿಮೀಟರುಗಳ ಜಾಗದಲ್ಲಿ ಹೃದಯದ ಒಂದು ಭಾಗ ಇರಬಹುದು, ಅನ್ನನಾಳ ಇರಬಹುದು, ಬೆನ್ನುಹುರಿ ಇರಬಹುದು.

ಅಂಚು ಕಡಿಮೆ ಮಾಡುವ ದಾರಿ ಒಂದೇ: ಚೆನ್ನಾಗಿ ನೋಡುವುದು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಅಟ್ಕಿನ್ಸನ್ ಮಾರ್ಲೆ ಆಸ್ಪತ್ರೆಯಲ್ಲಿ ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಅವರ ಸಿ.ಟಿ. ಸ್ಕ್ಯಾನರ್ ಮೊದಲ ಬಾರಿಗೆ ರೋಗಿಯೊಬ್ಬರ ಮೆದುಳಿನ ಚಿತ್ರ ತೆಗೆಯಿತು. ಗಡ್ಡೆಯ ಉದ್ದ, ಅಗಲ, ಆಳ ಮೂರೂ ಸ್ಪಷ್ಟವಾಗಿ ಕಾಣತೊಡಗಿದವು. ಯಾವ ಕಡೆಯಿಂದ ಎಷ್ಟು ಕಿರಣ ಹಾಯಿಸಬೇಕು ಎಂಬ ಯೋಜನೆಯನ್ನು ಕಂಪ್ಯೂಟರಿನಲ್ಲಿ ಮಾಡಲು ಇದು ದಾರಿ ತೆರೆಯಿತು.

ಆದರೂ ಒಂದು ತೊಡಕು ಉಳಿಯಿತು. ಸ್ಕ್ಯಾನ್ ಮಾಡುವುದು ಇವತ್ತು, ಚಿಕಿತ್ಸೆ ಮುಂದಿನ ವಾರ. ಅಷ್ಟರಲ್ಲಿ ರೋಗಿ ಸ್ವಲ್ಪ ತೆಳ್ಳಗಾಗಿರಬಹುದು. ಮೂತ್ರಕೋಶ ಆ ದಿನ ತುಂಬಿತ್ತು, ಈ ದಿನ ಖಾಲಿ ಇರಬಹುದು. ಮೇಜಿನ ಮೇಲೆ ಮಲಗಿದ ರೀತಿಯಲ್ಲೇ ನಾಲ್ಕು ಮಿಲಿಮೀಟರ್ ವ್ಯತ್ಯಾಸ ಬಂದಿರಬಹುದು. ಹಾಗಾಗಿ ಚಿಕಿತ್ಸೆಯ ಮೇಜಿನ ಮೇಲೆಯೇ, ಕಿರಣ ಹಾಯಿಸುವ ಮುಂಚೆ, ಪ್ರತಿ ಸಲವೂ ಹೊಸದಾಗಿ ಚಿತ್ರ ತೆಗೆಯುವ ವ್ಯವಸ್ಥೆ ಬಂತು. ಲಿನಾಕ್‌ಗೇ ಜೋಡಿಸಿದ ಚಿಕ್ಕ ಎಕ್ಸ್‌ರೇ ಯಂತ್ರ ರೋಗಿಯ ಸುತ್ತ ಒಂದು ಸುತ್ತು ತಿರುಗುತ್ತದೆ. ಕಂಪ್ಯೂಟರ್ ಇಂದಿನ ಚಿತ್ರವನ್ನು ಅಂದಿನ ಚಿತ್ರದ ಮೇಲಿಟ್ಟು ನೋಡಿ, ವ್ಯತ್ಯಾಸ ಇಷ್ಟು ಎಂದು ಹೇಳುತ್ತದೆ. ಮೇಜು ಅಷ್ಟೇ ಮಿಲಿಮೀಟರ್ ಜರುಗುತ್ತದೆ. ಆಮೇಲೆಯೇ ಕಿರಣ.

ಉಸಿರಿನ ಜೊತೆ ಸಾಗುವ ಯಂತ್ರ

ಈಗ ಮತ್ತೆ ಆ ಕಷ್ಟದ ಪ್ರಶ್ನೆ: ಚಿಕಿತ್ಸೆ ನಡೆಯುತ್ತಿರುವಾಗಲೇ ಗಡ್ಡೆ ಓಡಾಡುತ್ತಿದ್ದರೆ?

1985ರಲ್ಲಿ ಜಾನ್ ಆಡ್ಲರ್ ಎಂಬ ಅಮೆರಿಕದ ಯುವ ನರಶಸ್ತ್ರವೈದ್ಯರು ಸ್ವೀಡನ್ನಿಗೆ ಹೋಗಿ ಲೆಕ್ಸೆಲ್ ಅವರ ಬಳಿ ಕಲಿತರು. ತಲೆಗೆ ಚೌಕಟ್ಟು ಬಿಗಿಯದೆ ಇದನ್ನು ಮಾಡಲು ಆಗದೇ, ಮೈಯ ಬೇರೆ ಭಾಗಗಳಿಗೂ ತರಲು ಆಗದೇ ಎಂಬ ಯೋಚನೆ ಅವರಿಗೆ ಬಂತು. ಸ್ಟ್ಯಾನ್‌ಫರ್ಡ್‌ನಲ್ಲಿ ವರ್ಷಗಟ್ಟಲೆ ದುಡಿದು ಅವರು ‘ಸೈಬರ್ ನೈಫ್’ ಯಂತ್ರ ರೂಪಿಸಿದರು. 1994ರಲ್ಲಿ ಮೊದಲ ರೋಗಿಗೆ ಚಿಕಿತ್ಸೆಯಾಯಿತು. ಮೈಯ ಯಾವ ಭಾಗಕ್ಕಾದರೂ ಬಳಸಬಹುದು ಎಂಬ ಅನುಮತಿ ಅಮೆರಿಕದಲ್ಲಿ 2001ರಲ್ಲಿ ಸಿಕ್ಕಿತು.

ನೈಫ್ ಎಂದರೆ ಚಾಕು. ಆದರೆ ಗಾಮಾ ನೈಫಿನಲ್ಲೂ ಸೈಬರ್ ನೈಫಿನಲ್ಲೂ ಚಾಕು ಇಲ್ಲ. ಸೈಬರ್ ನೈಫಿನಲ್ಲಿ ಕಾರ್ಖಾನೆಗಳಲ್ಲಿ ಬಳಸುವ ಜಾತಿಯ ರೋಬಾಟ್ ತೋಳು ಇದೆ. ಅದಕ್ಕೆ ಆರು ಕೀಲುಗಳು. ತೋಳಿನ ತುದಿಯಲ್ಲಿ ಒಂದು ಚಿಕ್ಕ ಲಿನಾಕ್. ಚಾವಣಿಯಲ್ಲಿರುವ ಎರಡು ಎಕ್ಸ್‌ರೇ ಯಂತ್ರಗಳು ಎರಡು ಓರೆ ದಿಕ್ಕುಗಳಿಂದ ಆಗಾಗ ಚಿತ್ರ ತೆಗೆಯುತ್ತವೆ. ಎರಡು ಚಿತ್ರ ಏಕೆ? ಒಂದೇ ಚಿತ್ರದಲ್ಲಿ ಆಳ ತಿಳಿಯುವುದಿಲ್ಲ, ಎರಡು ಕಡೆಯಿಂದ ನೋಡಿದರೆ ತಿಳಿಯುತ್ತದೆ. ಗಡ್ಡೆ ಎಕ್ಸ್‌ರೇಯಲ್ಲಿ ಮಸುಕಾಗಿದ್ದರೆ ಅದರೊಳಗೆ ಅಥವಾ ಪಕ್ಕದಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಚಿನ್ನದ ತುಣುಕುಗಳನ್ನು ಸೂಜಿಯಿಂದ ಮೊದಲೇ ಇಟ್ಟಿರುತ್ತಾರೆ. ಚಿನ್ನ ಕ್ಷ-ಕಿರಣದಲ್ಲಿ ಎದ್ದು ಕಾಣುತ್ತದೆ.

ಹಾಗೆಂದು ಕ್ಷಣಕ್ಷಣವೂ ಎಕ್ಸ್‌ರೇ ತೆಗೆಯುವುದು ಒಳ್ಳೆಯದಲ್ಲ, ಅದೂ ಕಿರಣವೇ ತಾನೇ. ಇಲ್ಲಿ ಒಂದು ಜಾಣ ಉಪಾಯವಿದೆ. ರೋಗಿಯ ಎದೆಯ ಮೇಲೆ ಪುಟ್ಟ ದೀಪಗಳನ್ನು ಇಡುತ್ತಾರೆ. ಉಸಿರಾಟಕ್ಕೆ ತಕ್ಕಂತೆ ಅವು ಏರಿಳಿಯುವುದನ್ನು ಕ್ಯಾಮೆರಾಗಳು ಬಿಡದೆ ನೋಡುತ್ತವೆ. ದೀಪ ಇಲ್ಲಿದ್ದಾಗ ಗಡ್ಡೆ ಅಲ್ಲಿತ್ತು ಎಂಬ ಸಂಬಂಧವನ್ನು ಕಂಪ್ಯೂಟರ್ ಮೊದಲ ಎಕ್ಸ್‌ರೇಗಳಿಂದ ಕಲಿತುಕೊಳ್ಳುತ್ತದೆ. ಆಮೇಲೆ ದೀಪ ನೋಡಿಯೇ ಗಡ್ಡೆಯ ಜಾಗ ಹೇಳುತ್ತದೆ. ನಡುನಡುವೆ ಹೊಸ ಎಕ್ಸ್‌ರೇ ತೆಗೆದು ತಾನು ಹೇಳಿದ್ದು ಸರಿಯೇ ಎಂದು ಪರೀಕ್ಷಿಸುತ್ತದೆ. ರೋಬಾಟ್ ತೋಳು ಉಸಿರಿನ ಜೊತೆ ತಾನೂ ಸಾಗುತ್ತಾ, ನೂರಾರು ಕೋನಗಳಿಂದ ಕಿರಣ ಬಿಡುತ್ತದೆ.

ದಾರಿ ಇದೊಂದೇ ಅಲ್ಲ. ಕೆಲವು ಆಸ್ಪತ್ರೆಗಳಲ್ಲಿ ರೋಗಿ ಸ್ವಲ್ಪ ಹೊತ್ತು ಉಸಿರು ಬಿಗಿಹಿಡಿಯುತ್ತಾರೆ, ಆ ಹೊತ್ತಿನಲ್ಲಿ ಮಾತ್ರ ಕಿರಣ ಬರುತ್ತದೆ. ಇನ್ನು ಕೆಲವು ಕಡೆ ಎಂ.ಆರ್.ಐ. ಸ್ಕ್ಯಾನರ್ ಮತ್ತು ಲಿನಾಕ್ ಎರಡನ್ನೂ ಒಂದೇ ಯಂತ್ರದಲ್ಲಿ ಕೂಡಿಸಿದ್ದಾರೆ. ಇದು ಸುಲಭವಾಗಿರಲಿಲ್ಲ. ಎಂ.ಆರ್.ಐ.ನ ದೊಡ್ಡ ಅಯಸ್ಕಾಂತ ಲಿನಾಕ್‌ನ ಎಲೆಕ್ಟ್ರಾನುಗಳನ್ನು ದಾರಿ ತಪ್ಪಿಸುತ್ತದೆ, ಲಿನಾಕ್‌ನ ರೇಡಿಯೊ ಅಲೆಗಳು ಎಂ.ಆರ್.ಐ. ಚಿತ್ರವನ್ನು ಕೆಡಿಸುತ್ತವೆ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ನಗರದ ವಿಜ್ಞಾನಿಗಳು ವರ್ಷಗಳ ಕಾಲ ಈ ತೊಡಕು ಬಿಡಿಸಿ, 2017ರಲ್ಲಿ ತಮ್ಮ ಯಂತ್ರದಿಂದ ಮೊದಲ ರೋಗಿಗೆ ಚಿಕಿತ್ಸೆ ನೀಡಿದರು.

ಚಿಕಿತ್ಸೆಯ ಕೋಣೆಯಲ್ಲಿ

ರೋಗಿ ಮೇಜಿನ ಮೇಲೆ ಮಲಗುತ್ತಾರೆ. ತಲೆಗೋ ಕುತ್ತಿಗೆಗೋ ಚಿಕಿತ್ಸೆಯಾದರೆ ಮುಖದ ಅಳತೆಗೆ ಮಾಡಿದ ಜಾಳಿಗೆಯ ಮುಖವಾಡ ಹಾಕುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಹಾಳೆಯನ್ನು ಮುಖದ ಮೇಲೆ ಒತ್ತಿ, ತಣಿದು ಗಟ್ಟಿಯಾಗಲು ಬಿಟ್ಟು ಅದನ್ನು ತಯಾರಿಸಿರುತ್ತಾರೆ. ಮಕ್ಕಳಿಗೂ ಕ್ಯಾನ್ಸರ್ ಬರುತ್ತದೆ. ಅವರು ಭಯಪಡದಿರಲಿ ಎಂದು ಎಷ್ಟೋ ಕಡೆ ಮುಖವಾಡಕ್ಕೆ ಬಣ್ಣ ಹಚ್ಚಿ, ಅವರಿಗೆ ಇಷ್ಟವಾದ ಚಿತ್ರ ಬಿಡಿಸಿಕೊಡುತ್ತಾರೆ. ತುಂಬ ಚಿಕ್ಕ ಮಕ್ಕಳನ್ನು ಔಷಧಿ ಕೊಟ್ಟು ಮಲಗಿಸುವುದೂ ಉಂಟು.

ಕಿರಣ ಬರುವಾಗ ಕೋಣೆಯಲ್ಲಿ ರೋಗಿ ಒಬ್ಬರೇ. ಗೋಡೆಗಳು ದಪ್ಪ ಕಾಂಕ್ರೀಟಿನವು. ತಂತ್ರಜ್ಞರು ಹೊರಗೆ ಕುಳಿತು ಕ್ಯಾಮೆರಾದಲ್ಲಿ ನೋಡುತ್ತಿರುತ್ತಾರೆ, ಮೈಕಿನಲ್ಲಿ ಮಾತಾಡುತ್ತಿರುತ್ತಾರೆ. ಕಿರಣ ಬೀಳುವಾಗ ನೋವಾಗುವುದಿಲ್ಲ, ಉರಿಯುವುದಿಲ್ಲ, ಕಣ್ಣಿಗೆ ಏನೂ ಕಾಣುವುದಿಲ್ಲ. ಯಂತ್ರದ ಸದ್ದು ಕೇಳುತ್ತದೆ, ಅಷ್ಟೇ. ಆದರೆ ಆಮೇಲೆ ಕೆಲವರಿಗೆ ಸುಸ್ತಾಗುತ್ತದೆ. ಕಿರಣ ಬಿದ್ದ ಕಡೆ ಚರ್ಮ ಕೆಂಪಾಗಬಹುದು, ಕೆಮ್ಮು ಬರಬಹುದು, ಊಟ ನುಂಗಲು ಕಷ್ಟವಾಗಬಹುದು.

ಕಿರಣದ ಅಳತೆಗೆ ‘ಗ್ರೇ’ ಎಂದು ಹೆಸರು. ಬ್ರಿಟನ್ನಿನ ವಿಜ್ಞಾನಿ ಲೂಯಿಸ್ ಹೆರಾಲ್ಡ್ ಗ್ರೇ ಅವರ ನೆನಪಿಗೆ ಇಟ್ಟ ಹೆಸರು ಅದು. 1920ರ ದಶಕದಲ್ಲಿ ಪ್ಯಾರಿಸ್ಸಿನ ರೇಡಿಯಂ ಸಂಸ್ಥೆಯ ಕ್ಲಾಡಿಯಸ್ ರೆಗೋ ಮತ್ತು ಆನ್ರಿ ಕೂತಾರ್, ಕಿರಣವನ್ನು ಒಮ್ಮೆಲೇ ಕೊಡದೆ ದಿನಕ್ಕಿಷ್ಟು ಎಂದು ಹಂಚಿ ಕೊಟ್ಟರೆ ಒಳ್ಳೆಯ ಕೋಶಗಳು ಸುಧಾರಿಸಿಕೊಳ್ಳುತ್ತವೆ ಎಂದು ತೋರಿಸಿದರು. ಇಂದಿಗೂ ಅನೇಕ ರೋಗಿಗಳಿಗೆ ದಿನಕ್ಕೆ ಸುಮಾರು 2 ಗ್ರೇಯಂತೆ ಐದಾರು ವಾರ ಚಿಕಿತ್ಸೆ ನಡೆಯುತ್ತದೆ. ಗುರಿ ತುಂಬ ನಿಖರವಾಗಿರುವಲ್ಲಿ ಮಾತ್ರ ಒಂದರಿಂದ ಐದು ಸಲದಲ್ಲೇ ಮುಗಿಸುತ್ತಾರೆ. ಶ್ವಾಸಕೋಶದ ಗಡ್ಡೆಗೆ ಒಂದು ಸಲಕ್ಕೆ 18 ಗ್ರೇ, ಮೂರು ಸಲಕ್ಕೆ 54 ಗ್ರೇ ಕೊಟ್ಟದ್ದುಂಟು. ಅಷ್ಟು ಬಲವಾದ ಕಿರಣ ಒಂದು ಸಲ ತಪ್ಪಿ ಬಿದ್ದರೂ ದೊಡ್ಡ ಹಾನಿ. ಅದಕ್ಕೇ ಇಷ್ಟೆಲ್ಲ ನೋಡುವುದು, ಅಳೆಯುವುದು, ಮತ್ತೆ ನೋಡುವುದು.

ಇದರಿಂದ ವಾಸಿಯಾಗುತ್ತದೆಯೇ?

ಈ ಪ್ರಶ್ನೆಗೆ ನಿಜವಾದ ಉತ್ತರ ಹೇಳಬೇಕು. ಆಪರೇಷನ್ ಮಾಡಲಾಗದ, ಆದರೆ ಶ್ವಾಸಕೋಶದ ಆಚೆ ಹರಡದ ಚಿಕ್ಕ ಗಡ್ಡೆಗಳಿದ್ದ 55 ರೋಗಿಗಳ ಒಂದು ಅಧ್ಯಯನ 2010ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ನಾನು ಈಗ ಹೇಳಿದ ಮೂರು ಸಲದ ಚಿಕಿತ್ಸೆ ಅವರಿಗೆ ಸಿಕ್ಕಿತ್ತು. ಮೂರು ವರ್ಷವಾದರೂ ಚಿಕಿತ್ಸೆ ಪಡೆದ ಗಡ್ಡೆ ಮತ್ತೆ ಬೆಳೆಯದೆ ಉಳಿಯುವ ಪ್ರಮಾಣ ಸುಮಾರು ಶೇಕಡ 98 ಇತ್ತು. ಆದರೆ ಆ ಹೊತ್ತಿಗೆ ಬದುಕಿದ್ದವರು ನೂರಕ್ಕೆ ಸುಮಾರು 56. ಅವರಲ್ಲಿ ಹಲವರಿಗೆ ಬೇರೆ ಕಾಯಿಲೆಗಳೂ ಇದ್ದವು, ಕೆಲವರಲ್ಲಿ ಕ್ಯಾನ್ಸರ್ ಬೇರೆಡೆ ಕಾಣಿಸಿಕೊಂಡಿತ್ತು. ಗಡ್ಡೆಯನ್ನು ಗೆಲ್ಲುವುದೂ ರೋಗವನ್ನು ಪೂರ್ತಿ ಗೆಲ್ಲುವುದೂ ಎಲ್ಲ ಸಲ ಒಂದೇ ಅಲ್ಲ.

ಕ್ಯಾನ್ಸರ್ ಹರಡಿದ್ದರೆ? ಹಿಂದೆ, ಹರಡಿತು ಎಂದರೆ ಎಲ್ಲ ಕಡೆಯೂ ಹರಡಿತು ಎಂದೇ ಹೆಚ್ಚಿನವರು ಭಾವಿಸುತ್ತಿದ್ದರು. 1995ರಲ್ಲಿ ಷಿಕಾಗೊದ ವೈದ್ಯರಾದ ಸ್ಯಾಮುಯೆಲ್ ಹೆಲ್ಮನ್ ಮತ್ತು ರಾಲ್ಫ್ ವೈಶೆಲ್‌ಬಾಮ್ ಬೇರೆ ಮಾತು ಹೇಳಿದರು: ಕೆಲವರಲ್ಲಿ ರೋಗ ಕೆಲವೇ ಜಾಗಗಳಿಗೆ ಹರಡಿ ಅಲ್ಲೇ ಇರಬಹುದು, ಆ ಜಾಗಗಳನ್ನು ಒಂದೊಂದಾಗಿ ನಾಶ ಮಾಡಿದರೆ ಪ್ರಯೋಜನವಾಗಬಹುದು. ಇದನ್ನು ಪರೀಕ್ಷಿಸಲು ಕೆನಡಾ, ನೆದರ್ಲೆಂಡ್ಸ್, ಸ್ಕಾಟ್ಲೆಂಡ್, ಆಸ್ಟ್ರೇಲಿಯಾಗಳ 99 ರೋಗಿಗಳು ಒಂದು ಅಧ್ಯಯನದಲ್ಲಿ ಸೇರಿದರು. ಅವರಲ್ಲಿ ಹರಡಿದ ಗಡ್ಡೆಗಳು ಒಂದರಿಂದ ಐದು. ನಿಖರ ಕಿರಣವನ್ನೂ ಪಡೆದವರಲ್ಲಿ ಐದು ವರ್ಷಗಳ ನಂತರ ಬದುಕಿದ್ದವರು ನೂರಕ್ಕೆ ಸುಮಾರು 42. ಎಂದಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ ನೂರಕ್ಕೆ ಸುಮಾರು 18. ದೊಡ್ಡ ಭರವಸೆ ಇದು. ಆದರೆ ಕಿರಣ ಪಡೆದ 66 ಜನರಲ್ಲಿ ಮೂವರು ಚಿಕಿತ್ಸೆಯ ಅಡ್ಡಪರಿಣಾಮದಿಂದಲೇ ತೀರಿಕೊಂಡರು. ಅದನ್ನೂ ಮರೆಯಬಾರದು. ಅಧ್ಯಯನ ಚಿಕ್ಕದು, ಇನ್ನೂ ದೊಡ್ಡ ಅಧ್ಯಯನಗಳು ಬೇಕು.

ರೋಗ ತುಂಬ ಹರಡಿದವರಿಗೂ ಕಿರಣ ಉಪಕಾರಿ. ಮೂಳೆಗೆ ಕ್ಯಾನ್ಸರ್ ಹೋದರೆ ಬಹಳ ನೋವು. ಒಂದೇ ಸಲ 8 ಗ್ರೇ ಕಿರಣ ಕೊಟ್ಟರೆ ಎಷ್ಟೋ ಜನರ ನೋವು ಇಳಿಯುತ್ತದೆ. ರಾತ್ರಿ ನಿದ್ದೆ ಬರುತ್ತದೆ, ಎದ್ದು ನಡೆಯಲಾಗುತ್ತದೆ. ಪೂರ್ತಿ ವಾಸಿ ಮಾಡಲಾಗದಾಗ ನೋವು ಕಡಿಮೆ ಮಾಡುವುದೂ ವೈದ್ಯರ ದೊಡ್ಡ ಕೆಲಸ.

ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ

ನಿಮ್ಮ ಅಜ್ಜಿಗೋ, ಮಾವನಿಗೋ, ಪಕ್ಕದ ಮನೆಯ ಅತ್ತೆಗೋ ಇಂಥ ಚಿಕಿತ್ಸೆ ನಡೆಯುತ್ತಿರಬಹುದು. ಅವರ ಹತ್ತಿರ ಹೋಗಬೇಡ ಎಂದು ಯಾರಾದರೂ ಹೇಳಿದರೆ ಈ ಎರಡು ಮಾತು ತಿಳಿಸಿ. ಮೊದಲನೆಯದು, ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಎರಡನೆಯದು, ಹೊರಗಿನ ಯಂತ್ರದಿಂದ ಕಿರಣ ಪಡೆದವರ ಮೈಯಲ್ಲಿ ಕಿರಣ ಉಳಿದುಕೊಳ್ಳುವುದಿಲ್ಲ. ಲಿನಾಕ್ ಆರಿಸಿದ ಕ್ಷಣವೇ ಕಿರಣ ಮುಗಿಯಿತು. ಅವರ ತೊಡೆಯ ಮೇಲೆ ಕೂರಬಹುದು, ಒಂದೇ ತಟ್ಟೆಯಲ್ಲಿ ಉಣ್ಣಬಹುದು, ತಬ್ಬಿಕೊಂಡು ಮಲಗಬಹುದು. ವಿಕಿರಣ ಪದಾರ್ಥವನ್ನೇ ಮೈಯೊಳಗೆ ಇಡುವ ಅಥವಾ ಕುಡಿಸುವ ಬೇರೆ ಚಿಕಿತ್ಸೆಗಳಿವೆ. ಅಂಥವರ ಮನೆಯವರಿಗೆ ಎಷ್ಟು ದಿನ ಏನು ಎಚ್ಚರ ಬೇಕೆಂದು ವೈದ್ಯರೇ ಹೇಳಿಕೊಡುತ್ತಾರೆ.

ನಮ್ಮ ಕರ್ನಾಟಕಕ್ಕೂ ಈ ವಿಜ್ಞಾನದಲ್ಲಿ ಪಾಲಿದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹಳ್ಳಿಹಳ್ಳಿಗಳಿಂದ ಜನ ವಿಕಿರಣ ಚಿಕಿತ್ಸೆಗೆ ಬರುತ್ತಾರೆ. ನಿಮ್ಹಾನ್ಸ್‌ನಲ್ಲಿ ಗಾಮಾ ನೈಫ್ ಇದೆ. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದವರು ರೂಪಿಸಿದ ‘ಭಾಭಾಟ್ರಾನ್’ ಎಂಬ ಕೋಬಾಲ್ಟ್ ಯಂತ್ರವನ್ನು ತಯಾರಿಸಿದ್ದು ಬೆಂಗಳೂರಿನ ಪ್ಯಾನೇಸಿಯಾ ಕಂಪನಿ.

ಇಂಥ ಆಸ್ಪತ್ರೆಗಳಲ್ಲಿ ವೈದ್ಯರ ಜೊತೆ ವೈದ್ಯಕೀಯ ಭೌತವಿಜ್ಞಾನಿ ಎಂಬವರು ಕೆಲಸ ಮಾಡುತ್ತಾರೆ. ಯಾವ ಕೋನದಿಂದ ಎಷ್ಟು ಕಿರಣ ಬೀಳಬೇಕು, ಎಷ್ಟು ಅಂಚು ಸಾಕು, ಬೆನ್ನುಹುರಿಗೆ ಎಷ್ಟು ತಾಗಿದರೆ ತೊಂದರೆಯಿಲ್ಲ ಎಂದು ಲೆಕ್ಕ ಮಾಡುವವರು ಅವರು. ಯಂತ್ರ ಹೇಳಿದಷ್ಟೇ ಕಿರಣ ಕೊಡುತ್ತಿದೆಯೇ ಎಂದು ನೀರಿನ ತೊಟ್ಟಿಯಲ್ಲೂ ಪ್ಲಾಸ್ಟಿಕ್ ಬೊಂಬೆಗಳಲ್ಲೂ ಅಳೆದು ನೋಡುತ್ತಾರೆ. ಭೌತಶಾಸ್ತ್ರ ಓದಿದವರು ಕಾಯಿಲೆಯವರ ಹತ್ತಿರ ನಿಂತು ಮಾಡಬಹುದಾದ ಕೆಲಸ ಇದು. ನಿಮ್ಮಲ್ಲಿ ಯಾರಿಗೆ ಲೆಕ್ಕವೂ ಇಷ್ಟ, ಜನರ ಕಷ್ಟಕ್ಕೆ ಮನಸ್ಸೂ ಕರಗುತ್ತದೋ ಅವರು ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಗೋಳದ ಘನಫಲದ ಪಾಠ ಬಂದ ದಿನ ಇದೆಲ್ಲ ಏನಕ್ಕೆ ಬೇಕು ಎಂದು ಪಕ್ಕದ ಬೆಂಚಿನವರು ಕೇಳಿದರೆ, ಎರಡು ಸೆಂಟಿಮೀಟರ್ ಗಡ್ಡೆಯ ಲೆಕ್ಕ ಅವರಿಗೂ ಹೇಳಿಕೊಡಿ.